ಇಪ್ಪತ್ತನೇ ಜೊತೆ ಪಾದ

ಮಗಳು ಹುಟ್ಟುವ ತನಕ ತಂಗಿ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದಳು. ಹನ್ನೆರಡು ವರ್ಷ ಸರ್ಜನ್ನರ ಕೈಗೆ ಕತ್ತರಿ, ಚಿಮಟ ಕೊಟ್ಟವಳು. ಅವರು ಬಾಯಿ ಬಿಡುವ ಮೊದಲೇ ಬೇಕಾದದ್ದು ಅವರ ಅಂಗೈಯಲ್ಲಿರುತ್ತಿತ್ತು. ಆದರೆ ಆ ಕೆಲಸಕ್ಕೆ ಹೊತ್ತುಗೊತ್ತು ಎಂಬುದಿರಲಿಲ್ಲ. ಫೋನ್ ಬಂದರೆ ಉಣ್ಣುವ ತಟ್ಟೆ ಬಿಟ್ಟು ಓಡಬೇಕು. ಗಂಡ ವ್ಯಾನಿನಲ್ಲಿ ಊರೂರಿಗೆ ಸಾಮಾನು ಸಾಗಿಸುವವನು. ಅವನು ಮನೆಗೆ ಬರುವ ಗಳಿಗೆ ಅವನಿಗೇ ಗೊತ್ತಿರುತ್ತಿರಲಿಲ್ಲ. ಹೆರಿಗೆ ರಜೆ ಮುಗಿದಾಗ ಅವಳು ಮೇಟ್ರನ್ ಮುಂದೆ ನಿಂತು, ಹಗಲು ಪಾಳಿ ಮಾತ್ರ ಕೊಡಿ ಎಂದು ಕೇಳಿಕೊಂಡಳು.

"ನಿನಗೊಬ್ಬಳಿಗೆ ಕೊಟ್ರೆ ಉಳಿದೋರಿಗೆ ಏನು ಹೇಳ್ಲಮ್ಮ?" ಎಂದರು ಮೇಟ್ರನ್. ಆ ಮಾತಿನಲ್ಲಿ ತಪ್ಪಿರಲಿಲ್ಲ. ಅವಳು ಕೆಲಸ ಬಿಟ್ಟಳು.

ಪಾದದ ಆರೈಕೆಗೆಂದೇ ಒಂದು ತರಬೇತಿ ಇದೆ ಎಂದು ಸುದ್ದಿ ತಂದವಳು ಅಕ್ಕ. ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾಗಿದ್ದಳು. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡಾಗ ತಂಗಿಗೆ ಏಳು ವರ್ಷ, ಅಕ್ಕನಿಗೆ ಇಪ್ಪತ್ತೆರಡು. ಅಲ್ಲಿಂದಾಚೆ ಜಡೆ ಹೆಣೆದು ಶಾಲೆಗೆ ಕಳಿಸಿದವಳೂ, ನರ್ಸಿಂಗ್ ಓದಿಸಿದವಳೂ ಅವಳೇ. ಈಗ ಎರಡು ಬೀದಿ ಆಚೆ, ನೆಲಮಹಡಿಯ ಎರಡು ಕೋಣೆಯಲ್ಲಿ ಒಬ್ಬಳೇ ಇದ್ದಳು.

"ವಯಸ್ಸಾದೋರಿಗೆ ಬಗ್ಗಿ ಉಗುರು ಕತ್ತರಿಸ್ಕೊಳ್ಳೋಕಾಗಲ್ಲ ಕಣೇ. ಮನೆಮನೆಗೆ ಹೋಗಿ ಮಾಡ್ಕೊಡೋದು. ನಿನಗೆ ಯಾವಾಗ ಪುರುಸೊತ್ತೋ ಆವಾಗ. ಒಂಬತ್ತು ತಿಂಗಳು ಓದಿದ್ರೆ ಸಾಕು."

"ಒಂಬತ್ತು ತಿಂಗಳಾ? ಇದೂ ಒಂದು ಬಸಿರೇ ಅನ್ನು!" ತಂಗಿ ನಕ್ಕಳು. "ಮಗೂನ ಯಾರು ನೋಡ್ಕೋತಾರೆ?"

"ಯಾಕೆ, ನಾನೇನು ಸತ್ತಿದೀನಾ?"

ಅಲ್ಲಿಗೆ ಮಾತು ಮುಗಿಯಿತು.

ಮಗುವಿಗೆ ಅಕ್ಕ ಇಟ್ಟ ಹೆಸರು ಮೇಸ್ತ್ರಿ. ತೊಟ್ಟಿಲಲ್ಲಿ ಮಲಗಿದಲ್ಲಿಂದಲೇ ಇಡೀ ಮನೆಯನ್ನು ಕುಣಿಸುತ್ತಾಳೆಂದು. "ಮೇಸ್ತ್ರಿಯವರು ಎದ್ದರು, ಎಲ್ರೂ ಕೆಲಸಕ್ಕೆ ಇಳೀರಿ!" ಎಂದು ಕೂಗುತ್ತಿದ್ದಳು. ತರಬೇತಿ ಕೇಂದ್ರ ಹಳೆಯ ಬಟ್ಟೆ ಕಾರ್ಖಾನೆಯೊಂದರ ಎರಡನೇ ಮಹಡಿಯಲ್ಲಿತ್ತು. ಅಕ್ಕನ ಮನೆಯಿಂದ ಅರ್ಧ ಗಂಟೆಯ ನಡಿಗೆ. ಮಗು ಬಾಟಲಿಯನ್ನು ಬಾಯಿಗೆ ಸೇರಿಸುತ್ತಿರಲಿಲ್ಲ. ಹಾಗಾಗಿ ದಿನವೂ ಮಧ್ಯಾಹ್ನ ಅಕ್ಕ ಅವಳನ್ನು ಎದೆಗೆ ಕಟ್ಟಿಕೊಂಡು ನಡೆದು ಬರುತ್ತಿದ್ದಳು. ಕೈಗವಸಿನ ಪೆಟ್ಟಿಗೆಗಳನ್ನು ಪೇರಿಸಿಟ್ಟ ಉಗ್ರಾಣದಲ್ಲಿ ತಂಗಿ ಮಗುವಿಗೆ ಹಾಲೂಡಿಸುವಾಗ, ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ನಿಲ್ಲುತ್ತಿದ್ದಳು. ಈ ದಿನದ ನಡಿಗೆಗೆಂದೇ ಗಟ್ಟಿ ಅಟ್ಟೆಯ ಹೊಸ ಬೂಟು ಕೊಂಡಿದ್ದಳು.

"ಕೂತ್ಕೋ ಅಕ್ಕ, ಕಾಲು ನೋಯಲ್ವಾ?"

"ಈ ವಯಸ್ಸಲ್ಲಿ ನನ್ನ ಕಾಲು ನೋಯೋದೇ ಬಿಟ್ಟಿದೆ. ಪುಣ್ಯವಂತೆ ನಾನು."

ತಂಗಿ ಅದನ್ನು ತಮಾಷೆ ಎಂದುಕೊಂಡಳು. ಅವಳ ತಲೆ ತುಂಬ ಆಣಿ, ಹಿಮ್ಮಡಿಯ ಬಿರುಕು, ಮಾಂಸದೊಳಕ್ಕೆ ಬೆಳೆದ ಉಗುರು. ಮನೆಗೆ ಬಂದರೆ ಬಟ್ಟೆಯ ರಾಶಿ, ಮಗುವಿನ ಹಲ್ಲಿನ ಜ್ವರ. ಪುಸ್ತಕ ತೆರೆದರೆ ಎರಡನೇ ಸಾಲಿಗೇ ರೆಪ್ಪೆ ಅಂಟುತ್ತಿತ್ತು.

ಪರೀಕ್ಷೆಗೆ ಮುನ್ನ ಇಪ್ಪತ್ತು ಜನರ ಪಾದ ಪರೀಕ್ಷಿಸಿ ವರದಿ ಬರೆಯಬೇಕಿತ್ತು. ನೆರೆಯವರು, ಗಂಡನ ಜೊತೆ ವ್ಯಾನ್ ಓಡಿಸುವವರು, ಮೇಟ್ರನ್ ಕೂಡ ಕಾಲು ಕೊಟ್ಟರು. ಅಕ್ಕ ಮಾತ್ರ ಜಾರಿಕೊಳ್ಳುತ್ತಿದ್ದಳು. ಒಂದು ದಿನ ಒಲೆಯ ಮೇಲೆ ಹಾಲಿದೆ ಎನ್ನುವಳು; ಇನ್ನೊಂದು ದಿನ, "ನನ್ನ ಕಾಲು ನೋಡಿದ್ರೆ ನಿಮ್ಮ ಮೇಡಂ ನಿನ್ನ ಫೇಲ್ ಮಾಡ್ತಾರೆ" ಎಂದು ನಗಿಸುವಳು. ಹತ್ತೊಂಬತ್ತಾಯಿತು. ಪರೀಕ್ಷೆಗೆ ಮೂರು ವಾರ ಉಳಿದಿದ್ದಾಗ ಒಂದು ಭಾನುವಾರ ಬೆಳಿಗ್ಗೆ ತಂಗಿ ಹಟ ಹಿಡಿದಳು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ಮಣೆ ಹಾಕಿಕೊಂಡು ಕೂತಳು. ಬೇರೆ ದಾರಿ ಕಾಣದೆ ಅಕ್ಕ ಎಡಗಾಲಿನ ಕಾಲುಚೀಲವನ್ನಷ್ಟೇ ಬಿಚ್ಚಿದಳು.

"ಕಣ್ಣು ಮುಚ್ಕೋ. ಈ ದಾರ ತಾಗಿದಾಗ ಹೂಂ ಅನ್ನು."

ದಪ್ಪ ನೈಲಾನ್ ದಾರದ ತುದಿಯನ್ನು ಹೆಬ್ಬೆರಳಿಗೆ ಒತ್ತಿದಳು. ಅಕ್ಕ ಸುಮ್ಮನಿದ್ದಳು. ಬೆರಳಿನ ಬುಡಕ್ಕೆ, ಅಂಗಾಲಿಗೆ, ಹಿಮ್ಮಡಿಗೆ ಒತ್ತಿದಳು.

"ಆಟ ಆಡ್ಬೇಡ ಅಕ್ಕ."

"ಇನ್ನೂ ಶುರು ಮಾಡಿಲ್ವಾ?" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

ತಂಗಿ ದಾರವನ್ನು ಕೆಳಗಿಟ್ಟಳು. ಅಕ್ಕ ಬೇಡ ಬೇಡ ಎನ್ನುತ್ತಿದ್ದಂತೆಯೇ ಬಲಗಾಲಿನ ಚೀಲವನ್ನು ಎಳೆದಳು. ಕಿರುಬೆರಳಿನ ಪಕ್ಕ, ಬೂಟು ಉಜ್ಜುವ ಜಾಗದಲ್ಲಿ, ಒಂದರ ಮೇಲೊಂದು ಅಂಟಿಸಿದ ಮೂರು ಪ್ಲಾಸ್ಟರ್. ಅವನ್ನು ಕಿತ್ತಾಗ ಬಂದ ವಾಸನೆ ಅವಳಿಗೆ ಹನ್ನೆರಡು ವರ್ಷದ ಪರಿಚಯದ್ದು. ಹುಣ್ಣಿನ ತಳದಲ್ಲಿ ಮೂಳೆ ಬೆಳ್ಳಗೆ ಕಾಣುತ್ತಿತ್ತು.

ಸಕ್ಕರೆ ಕಾಯಿಲೆ ಇರುವುದು ಅಕ್ಕನಿಗೆ ಎರಡು ವರ್ಷದಿಂದ ಗೊತ್ತಿತ್ತು. ಮಾತ್ರೆ ನುಂಗುತ್ತಿದ್ದಳು, ಬಾಯಿ ಬಿಟ್ಟಿರಲಿಲ್ಲ.

"ಯಾಕೆ ಹೇಳ್ಲಿಲ್ಲ?" ತಂಗಿ ಕಿರುಚಿದಳು. ನೆಲದ ಮೇಲೆ ಆಡುತ್ತಿದ್ದ ಮಗು ಬೆಚ್ಚಿ ಅಳತೊಡಗಿತು.

"ಹೇಳಿದ್ರೆ ನೀನು ಕೋರ್ಸ್ ಬಿಡ್ತಿದ್ದೆ. ನೋವಿರಲಿಲ್ಲ ಕಣೇ. ನೋವಿಲ್ಲ ಅಂದ್ಮೇಲೆ ಅಂಥದ್ದೇನಿರುತ್ತೆ ಅಂದ್ಕೊಂಡೆ. ಪರೀಕ್ಷೆ ಒಂದು ಮುಗೀಲಿ ಅಂತ..." ಅಕ್ಕ ಬಗ್ಗಿ ಮಗುವನ್ನು ಎತ್ತಿಕೊಂಡಳು. "ಅಳಿಸ್ಬೇಡ ಮೇಸ್ತ್ರೀನ."

ಅಂದೇ ಆಸ್ಪತ್ರೆಗೆ ಸೇರಿಸಿದರು. ಮೊದಲು ಎರಡು ಬೆರಳು ತೆಗೆದರು. ನಂಜು ಮೇಲಕ್ಕೇರುತ್ತಲೇ ಇತ್ತು. ಹತ್ತನೇ ದಿನ ಮೊಣಕಾಲಿನ ಕೆಳಗೆ ಕತ್ತರಿಸಿದರು. ತಾನು ಎಷ್ಟೋ ಸಲ ಸಾಮಾನು ಜೋಡಿಸಿಟ್ಟ ಅದೇ ಥಿಯೇಟರಿನ ಹೊರಗೆ, ಬೆಂಚಿನ ಮೇಲೆ, ತಂಗಿ ಮಗುವನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಒಳಗೆ ಯಾವುದರ ನಂತರ ಯಾವ ಉಪಕರಣ ಕೈ ಬದಲಾಯಿಸುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಅದನ್ನು ಮರೆಯಲು ಮಗುವಿನ ಬೆರಳುಗಳನ್ನು ಎಣಿಸುತ್ತಿದ್ದಳು.

ಪರೀಕ್ಷೆ ಬರೆಯುವುದಿಲ್ಲ ಎಂದಳು. ಅಕ್ಕ ದಿಂಬಿನಿಂದ ತಲೆ ಎತ್ತಿದಳು. ದನಿ ಕುಗ್ಗಿತ್ತು, ಅಧಿಕಾರ ಕುಗ್ಗಿರಲಿಲ್ಲ.

"ನೀನು ಹೋಗ್ಲಿಲ್ಲ ಅಂದ್ರೆ ನನ್ನ ಕಾಲು ದಂಡಕ್ಕೆ ಹೋದ ಹಾಗೆ."

ಹೋಗಿ ಬರೆದಳು. ಇಪ್ಪತ್ತನೇ ವರದಿಯಾಗಿ ಅಕ್ಕನದನ್ನೇ ಕೊಟ್ಟಳು: ಎಡ ಪಾದ, ಸ್ಪರ್ಶವಿಲ್ಲ, ಬಲ ಪಾದ, ಸ್ಪರ್ಶವಿಲ್ಲ, ಹುಣ್ಣು ಮೂಳೆಯವರೆಗೆ. ಅದು ಯಾರ ಪಾದವೆಂದು ಮೇಡಂಗೆ ಗೊತ್ತಿರಲಿಲ್ಲ. "ಇಡೀ ತರಗತಿಯಲ್ಲಿ ಇದೇ ಒಳ್ಳೇ ವರದಿ. ಸರಿಯಾಗಿ ಗುರುತಿಸಿದೀರಿ" ಎಂದು ಪೂರ್ತಿ ಅಂಕ ಕೊಟ್ಟರು. ತಂಗಿ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಕೆಲಸ ಅಕ್ಕ ಹೇಳಿದಂತೆಯೇ ಇತ್ತು. ಚೀಲ ಹಿಡಿದು ದಿನಕ್ಕೆ ನಾಲ್ಕು ಮನೆ. ಮಗುವಿಗೆ ಹುಷಾರಿಲ್ಲದಿದ್ದರೆ ಒಂದೂ ಇಲ್ಲ. ಕೈ ಹಗುರವೆಂದು ಹೆಸರು ಬಂತು. ಅಕ್ಕ ಗಾಲಿಕುರ್ಚಿಯಲ್ಲಿ ಅಡುಗೆ ಮಾಡಿಕೊಳ್ಳುವುದನ್ನು ಕಲಿತಳು. ಬೆಳಿಗ್ಗೆ ಎರಡು ಗಂಟೆ ಹೊತ್ತು ಮಗುವನ್ನು ನನ್ನ ಹತ್ತಿರವೇ ಬಿಡು ಎಂದು ಹಟ ಮಾಡಿದಳು. ಆ ಹೊತ್ತಿಗೆ ಮಗು ನಡೆಯುತ್ತಿತ್ತು, "ದೊಮ್ಮ, ದೊಮ್ಮ" ಎಂದು ದೊಡ್ಡಮ್ಮನ ಹಿಂದೆಯೇ ಸುತ್ತುತ್ತಿತ್ತು.

ಒಂದು ದಿನ ಗೇಟಿನ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಮಗು ಬೀದಿಗೆ ಓಡಿತು. ಅಕ್ಕ ಹಿಂದೆ ಓಡಲೆಂದು ಎದ್ದಳು. ಇಲ್ಲದ ಕಾಲನ್ನು ಊರಿದಳು, ಬಿದ್ದಳು. ಬಿದ್ದಲ್ಲಿಂದಲೇ ಕೂಗಿದ್ದನ್ನು ಕೇಳಿ ಎದುರುಮನೆಯ ಟೈಲರ್ ಹೊರಬಂದು, ಲಾರಿಯೊಂದು ಆ ಬೀದಿಗೆ ತಿರುಗುವ ಮುಂಚೆ ಮಗುವನ್ನು ಬಾಚಿಕೊಂಡ.

ತಂಗಿ ಬಂದಾಗ ಅಕ್ಕ ನೆಲದ ಮೇಲೇ ಕೂತಿದ್ದಳು. ಟೈಲರ್ ಎತ್ತಲು ಹೋದರೂ ಬಿಟ್ಟಿರಲಿಲ್ಲ.

"ಇನ್ಮೇಲೆ ಅವಳನ್ನ ಕರ್ಕೊಂಡು ಬರ್ಬೇಡ" ಎಂದಳು.

"ಅಕ್ಕ, ಏನೂ ಆಗಿಲ್ಲ..."

"ಬರ್ಬೇಡ ಅಂದ್ನಲ್ಲ."

ತಂಗಿ ಎರಡು ತಿಂಗಳು ಒಬ್ಬಳೇ ಹೋದಳು. ಅಕ್ಕನ ಎಡಗಾಲನ್ನು ತೊಳೆದು, ಒರೆಸಿ, ಬೆರಳಸಂದುಗಳನ್ನು ನೋಡಿ ಬರುತ್ತಿದ್ದಳು. ಅಕ್ಕ ಮಗುವಿನ ಸುದ್ದಿ ಎತ್ತುತ್ತಿರಲಿಲ್ಲ. ಮಗುವೂ ಮೊದಲ ವಾರ ಬಾಗಿಲ ಬಳಿ ನಿಂತು "ದೊಮ್ಮ" ಎಂದು ಅತ್ತಿತು, ಆಮೇಲೆ ಕೇಳುವುದನ್ನು ಬಿಟ್ಟಿತು.

ತಡೆಯಲಾರದೆ ತಂಗಿ ಒಂದು ಬೆಳಿಗ್ಗೆ ಅವಳನ್ನು ಕರೆದುಕೊಂಡೇ ಹೋದಳು. ಅಕ್ಕನ ಮುಖ ಒಮ್ಮೆಲೇ ಅರಳಿತು. ಎರಡೂ ಕೈ ಚಾಚಿ, "ಏನ್ರೀ ಮೇಸ್ತ್ರಿ, ದಾರಿ ತಪ್ಪಿತಾ?" ಎಂದಳು.

ಮಗು ತಾಯಿಯ ಸೆರಗು ಹಿಡಿದು ಮೊಣಕಾಲ ಹಿಂದೆ ಅವಿತುಕೊಂಡಿತು. ಹೊಸಬರನ್ನು ನೋಡುವಂತೆ ಇಣುಕಿ ನೋಡಿತು.

ಅಕ್ಕ ಚಾಚಿದ ಕೈಗಳನ್ನು ಮೆಲ್ಲಗೆ ಮಡಿಲಿಗೆ ತಂದುಕೊಂಡಳು.

"ಬಲವಂತ ಮಾಡ್ಬೇಡ ಬಿಡು," ಎಂದಳು. "ಮಕ್ಕಳೇ ಹಾಗೆ."

ತಂಗಿ ನೀರು ಬಿಸಿಗಿಡಲು ಒಳಗೆ ಹೋದಳು. ಮಗು ಅವಳ ಹಿಂದೆಯೇ ಹೋಯಿತು.