ಕೊನೆಯ ಸಭಾತ್ಯಾಗ

"ಸ್ವಲ್ಪ ಬಗ್ಗಿ ಮಾಮ, ಇಲ್ಲಾಂದ್ರೆ ಈ ಕಡೆ ಜಾರಿಬಿಡುತ್ತೆ," ಎಂದು ಮಗಳು ಪಕ್ಷದ ಕಾರ್ಯದರ್ಶಿಯ ಭುಜ ಹಿಡಿದು ಕೆಳಕ್ಕೆ ಒತ್ತಿದಳು.

ಪಕ್ಷದ ಕಚೇರಿಯ ಹಜಾರದಲ್ಲಿ, ತೀರಿಕೊಂಡ ಅಪ್ಪನನ್ನು ಮಲಗಿಸಿದ್ದ ಪೆಟ್ಟಿಗೆಯ ಪಕ್ಕದಲ್ಲೇ, ಆರು ಮಂದಿ ಮುದುಕರ ಹೆಗಲ ಮೇಲೆ ಒಂದು ಉದ್ದನೆಯ ಬೆಂಚು ಹೊರಿಸಿ ಅಭ್ಯಾಸ ಮಾಡಿಸುತ್ತಿದ್ದಳು. ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಕಿವಿ ಕೇಳದು. ಘೋಷಣೆ ಕೂಗುವುದರಲ್ಲಿ ಹೆಸರಾಗಿ 'ಗಂಟಲು' ಎಂದೇ ಕರೆಸಿಕೊಳ್ಳುತ್ತಿದ್ದವರಿಗೆ ಈಗ ಕಣ್ಣು ಮಂಜು. ಬೆಂಚು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿತ್ತು. ಪಕ್ಷದಲ್ಲಿ ಉಳಿದಿದ್ದವರೇ ಇಷ್ಟು ಜನ. ಎಳೆಯರೆಲ್ಲ ಅಧಿಕಾರ ಇರುವ ಕಡೆ ಎಂದೋ ಕಾಲು ಕಿತ್ತಿದ್ದರು.

"ಬೆಂಚನ್ನೇ ಹೊರೋಕಾಗ್ತಿಲ್ಲ, ಆ ಮನುಷ್ಯನನ್ನ ಹೊರ್ತಾರಾ?" ಎಂದರು ಮೂಲೆಯಲ್ಲಿ ಕೂತಿದ್ದ ತಾಯಿ.

"ಹೊರ್ತೀವಿ ಅತ್ತಿಗೆ. ಅವನು ನಮ್ಮನ್ನ ಇಷ್ಟು ವರ್ಷ ಹೊತ್ತಿಲ್ವಾ?" ಎಂದರು ಕಾರ್ಯದರ್ಶಿ. ಮೂಗು ಒರೆಸಿಕೊಳ್ಳಲು ಕೈ ಬಿಟ್ಟಿದ್ದೇ ತಡ, ಬೆಂಚು ದಡಾರನೆ ಬಿತ್ತು.

"ಮಂತ್ರಿ ಬರ್ತಾರಂತೆ," ಎಂದಳು ಮಗಳು ಬೆಂಚನ್ನು ಎತ್ತಿ ನಿಲ್ಲಿಸುತ್ತ. "ಎರಡು ಮಾತಾಡ್ತಾರಂತೆ. ಆಡಲಿ, ಹೂವಿಟ್ಟು ಹೋಗಲಿ. ನೀವು ಮಾತ್ರ ಜಾಗ ಬಿಟ್ಟು ಅಲ್ಲಾಡ್ಬೇಡಿ."

"ಯಾಕಮ್ಮ ಅಲ್ಲಾಡ್ತೀವಿ?" ಎಂದರು ಕಾರ್ಯದರ್ಶಿ.

*

ಆಸ್ಪತ್ರೆಯಲ್ಲಿ ಅಪ್ಪ ಕೇಳಿದ್ದು ಒಂದೇ ಒಂದು. ನಲ್ವತ್ತು ವರ್ಷ ಸದನದಲ್ಲಿ ವಿರೋಧ ಪಕ್ಷದ ಕಡೆ ಕೂತವರು. ಕೂತವರು ಅನ್ನುವುದಕ್ಕಿಂತ ಎದ್ದು ಹೋದವರು ಅನ್ನುವುದೇ ಸರಿ. ಎದುರಾಳಿ ಬಾಯಿ ತೆರೆದರೆ ಇವರು ಕಾಗದ ಹರಿದು ಗಾಳಿಗೆ ತೂರಿ ಹೊರಟೇಬಿಡುತ್ತಿದ್ದರು. ಹಿಂದೆಯೇ ಇಡೀ ಪಕ್ಷ.

"ನಾನು ಸತ್ತ ದಿನ ಎದ್ದು ಹೋಗೋಕೆ ನನ್ನ ಕೈಲಾಗಲ್ಲ ಪುಟ್ಟಿ," ಎಂದಿದ್ದರು, ಮೂಗಿನ ನಳಿಗೆಯನ್ನು ಪಕ್ಕಕ್ಕೆ ಸರಿಸಿ. "ಅಧಿಕಾರದಲ್ಲಿರೋರು ಬಂದೇ ಬರ್ತಾರೆ. ಸತ್ತವನ ಮೇಲೆ ಅವರಿಗೆ ತುಂಬ ಪ್ರೀತಿ. ನನ್ನನ್ನ ಅವರ ಕೈಗೆ ಬಿಡ್ಬೇಡ. ನಮ್ಮೋರೇ ಹೊರಲಿ."

"ಆಯ್ತಪ್ಪ."

"ಮಾತು ಕೊಡು."

ಅಪ್ಪ ಅವಳಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಶಾಲೆಯ ಶುಲ್ಕದ ದಿನವೂ, ಮದುವೆಯ ದಿನವೂ ಅವರು ಯಾವುದೋ ಧರಣಿಯಲ್ಲಿ ಕೂತಿದ್ದವರು. ಅವಳಿಗೆ ಸಿಟ್ಟಿತ್ತು, ಇಲ್ಲವೆನ್ನಲಾಗದು. ಆದರೂ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಳು.

*

ಮಂತ್ರಿ ಬಂದರು. ಒಂದು ಕಾಲದಲ್ಲಿ ಅಪ್ಪನ ಜೊತೆ ಗೋಡೆಗೆ ಭಿತ್ತಿಪತ್ರ ಅಂಟಿಸಿಕೊಂಡಿದ್ದವರೇ. ಒಂದು ಚುನಾವಣೆ ಸೋತ ಮರುದಿನ ಗೆದ್ದವರ ಕಡೆ ಹಾರಿದ್ದರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅವಳಿಗೆ ಅದರಿಂದಲೇ ಹೆಚ್ಚು ಸಂಕಟವಾಯಿತು.

"ನನಗೆ ರಾಜಕೀಯದ ಅಕ್ಷರ ಕಲಿಸಿದ ಗುರುಗಳು," ಎಂದು ಮಂತ್ರಿ ಶುರು ಮಾಡಿದರು. ಆರು ಮಂದಿ ಮುದುಕರೂ ಮೊದಲ ಸಾಲಿನಲ್ಲಿ ಮೊಳಕಾಲ ಮೇಲೆ ಕೈಯಿಟ್ಟು ಕೂತಿದ್ದರು. ಸೊಂಟ ನೋವಿನವರು ಕೂಡ ಅಲ್ಲಾಡಲಿಲ್ಲ. ಇದೊಂದು ಸುಸೂತ್ರವಾಗಿ ಮುಗಿಯುತ್ತದೆ ಎಂದು ಅವಳು ನಂಬತೊಡಗಿದಳು.

"ಗಿರಣಿ ಜಾಗದಲ್ಲಿ ಎದ್ದಿರುವ ನಮ್ಮ ಹೊಸ ವ್ಯಾಪಾರ ಮಳಿಗೆಗೆ," ಎಂದು ಮಂತ್ರಿ ದನಿ ತಗ್ಗಿಸಿ ಹೇಳಿದರು, "ಇವತ್ತಿನಿಂದ ಗುರುಗಳ ಹೆಸರು."

*

ಆ ಸರ್ಕಾರಿ ಗಿರಣಿಯನ್ನು ಮಾರುವ ಮಸೂದೆ ಬಂದ ದಿನ ಅವಳು ಸದನದ ಮೇಲಿನ ಗ್ಯಾಲರಿಯಲ್ಲಿದ್ದಳು. ಇನ್ನೂ ಜಡೆ ಹಾಕುತ್ತಿದ್ದ ವಯಸ್ಸು. ಅಪ್ಪ ಮಾತಾಡಿದ್ದು ಕೇಳಿ ಮೈ ಜುಮ್ಮೆಂದಿತ್ತು. ಕೆಲಸ ಕಳೆದುಕೊಳ್ಳಲಿದ್ದವರ ಹೆಂಗಸರು ಅವಳ ಪಕ್ಕದಲ್ಲೇ ಸೆರಗಿನಿಂದ ಕಣ್ಣೊತ್ತಿಕೊಂಡರು. ಆಮೇಲೆ ಅಪ್ಪ ಕಾಗದ ಹರಿದರು, ಹೊರಟರು. ಪಕ್ಷವೂ ಹೊರಟಿತು.

"ವಿರೋಧಿಸುವವರು?" ಎಂದು ಸಭಾಧ್ಯಕ್ಷರು ಖಾಲಿ ಬೆಂಚುಗಳನ್ನು ಕೇಳಿದರು. ಮರ್ಯಾದೆಗೆಂದು ಒಂದು ಗಳಿಗೆ ಕಾದು, ಸುತ್ತಿಗೆ ಬಡಿದರು. ಪಕ್ಕದ ಹೆಂಗಸರು ಅವಳ ಕಡೆ ತಿರುಗಿ ನೋಡಿದರು.

ಕ್ಯಾಂಟೀನಿಗೆ ಓಡಿದರೆ ಅಲ್ಲಿ ಹಬ್ಬದ ಸಡಗರ. ಅಪ್ಪ ಕಾಫಿಗೆ ಬನ್ನು ಅದ್ದುತ್ತಿದ್ದರು.

"ಅಪ್ಪ, ನೀವು ಹೋದ್ಮೇಲೆ ಪಾಸಾಗ್ಬಿಡ್ತು."

"ನಾವಿದ್ದಿದ್ರೂ ಆಗ್ತಿತ್ತು ಪುಟ್ಟಿ. ಆದ್ರೆ ನಾವು ಅಲ್ಲಿರಲಿಲ್ಲ ಅನ್ನೋದು ನಾಳೆ ಪತ್ರಿಕೆಯಲ್ಲಿ ಬರುತ್ತೆ ನೋಡು."

ಬಂತು ಕೂಡ, ಫೋಟೋ ಸಮೇತ.

*

"ನಾಚಿಕೆಗೇಡು!" ಎಂದು ಮೊದಲ ಸಾಲಿನಿಂದ 'ಗಂಟಲು' ಎದ್ದು ನಿಂತರು.

ಕಾರ್ಯದರ್ಶಿ ಎದ್ದರು. ಬೇರೆ ಕಾಗದ ಸಿಗದೆ, ತಾವೇ ರಾತ್ರಿ ಕೂತು ಬರೆದಿದ್ದ ಶ್ರದ್ಧಾಂಜಲಿ ಭಾಷಣವನ್ನು ಎರಡು ಹೋಳು ಮಾಡಿದರು. "ಇದನ್ನು ಖಂಡಿಸಿ ನಮ್ಮ ಪಕ್ಷ ಸಭಾತ್ಯಾಗ ಮಾಡುತ್ತಿದೆ," ಎಂದರು. ಆರು ಮಂದಿಯೂ ಸಾಲಾಗಿ ಬಾಗಿಲ ಕಡೆ ನಡೆದರು. ಬೆಂಚು ಹೊತ್ತಾಗ ಕೂಡದ ಹೆಜ್ಜೆ ಈಗ ಕೂಡಿತ್ತು.

ಅವಳು ಓಡಿ ಕಾರ್ಯದರ್ಶಿಯ ತೋಳು ಹಿಡಿದಳು. "ಮಾಮ, ಬೇಡ. ಅಪ್ಪ ಒಳಗಿದಾರೆ."

"ಅವನಿದ್ದಿದ್ರೆ ಮೊದಲು ಅವನೇ ಏಳ್ತಿದ್ದ ಕಣಮ್ಮ."

"ನೀವೇ ಹೊರಬೇಕು ಅಂತ ಅವರೇ ಕೇಳಿದ್ದು ಮಾಮ. ಇವತ್ತೊಂದು ದಿನ ಹೋಗ್ಬೇಡಿ."

"ಪತ್ರಿಕೆಯವರು ಹೊರಗೆ ಕಾಯ್ತಿದಾರೆ. ಹೇಳಿಕೆ ಕೊಟ್ಟು ಬಂದ್ಬಿಡ್ತೀವಿ," ಎಂದು ಅವರು ಮೆಲ್ಲಗೆ ತೋಳು ಬಿಡಿಸಿಕೊಂಡರು.

ಅವಳು ಕಾದಳು. ಮಂತ್ರಿ ಗಡಿಯಾರ ನೋಡಿಕೊಂಡರು. ಸ್ಮಶಾನದವರು ಕೊಟ್ಟ ಹೊತ್ತು ಮೀರುತ್ತಿದೆಯೆಂದು ಪೊಲೀಸಿನವನು ಬಂದು ಹೇಳಿದ. ಮುಂದಿನ ಸಾಲಿನ ಕುರ್ಚಿಗಳು ಖಾಲಿಯಾಗೇ ಇದ್ದವು.

"ಬರ್ತಾರಮ್ಮ," ಎಂದಳು ತಾಯಿಗೆ.

"ಕಾಫಿ ಕುಡೀದೆ ಬರಲ್ಲ. ಯಾವತ್ತು ಬಂದಿದಾರೆ?" ಎಂದರು ತಾಯಿ. ಬೆಳಗಿನಿಂದ ಒಣಗಿದ್ದ ಅವರ ಕಣ್ಣು ಆಗ ತುಂಬಿತು.

"ನೀವು ಒಪ್ಪಿದ್ರೆ ನಾವು ಎತ್ತುತ್ತೀವಿ," ಎಂದರು ಮಂತ್ರಿ. "ಯಾರಾದ್ರೂ ಒಪ್ಪದೋರು ಇದ್ರೆ ಹೇಳ್ಲಿ."

ಬೇಡವೆನ್ನಲು ಅವಳು ಬಾಯಿ ತೆರೆದಳು. ಬೇಡವೆಂದರೆ ಹೊರುವವರು ಯಾರು? ಮಂತ್ರಿ ಅವಳ ಮುಖವನ್ನೇ ನೋಡುತ್ತ, ಮರ್ಯಾದೆಗೆಂದು ಒಂದು ಗಳಿಗೆ ಕಾದರು. ಆಮೇಲೆ ಕೋಟು ಬಿಚ್ಚಿ ಮುಂದಿನ ಮೂಲೆಗೆ ಹೆಗಲು ಕೊಟ್ಟರು. ಉಳಿದ ಐವರು ಅವರ ಕಡೆಯ ಯುವಕರು, ಒಂದೇ ಎತ್ತರದವರು.

ಅವಳು ಹಿಂದೆ ನಡೆದಳು, ಪೆಟ್ಟಿಗೆಯ ಮರಕ್ಕೆ ಅಂಗೈ ತಾಗಿಸಿಕೊಂಡು. ಕೊಟ್ಟ ಮಾತಿನಲ್ಲಿ ಅವಳ ಪಾಲಿಗೆ ಅಷ್ಟೇ ಉಳಿದಿತ್ತು.

ರಸ್ತೆಯಾಚೆಯ ಕಾಫಿ ಅಂಗಡಿಯ ಮುಂದೆ ಆರು ಮಂದಿ ಮುದುಕರೂ ಬನ್ನು ಹಿಡಿದು ನಿಂತಿದ್ದರು. ಮಂಜುಗಣ್ಣಿನ 'ಗಂಟಲು' ಅವರಿಗೆ ಮೊದಲು ಕಂಡದ್ದು ಮಂತ್ರಿಯ ಮುಖ. ಕೈ ತಾನಾಗಿ ಮೇಲೆದ್ದಿತು.

"ಧಿಕ್ಕಾರ!"

"ಧಿಕ್ಕಾರ, ಧಿಕ್ಕಾರ!" ಎಂದರು ಉಳಿದ ಐವರು, ಅಭ್ಯಾಸ ಬಲದಿಂದ, ಬಾಯಲ್ಲಿದ್ದ ಬನ್ನು ನುಂಗುತ್ತ.

ಪೆಟ್ಟಿಗೆ ಅವರ ಮುಂದೆಯೇ ಹಾದು, ಒಂದಿಷ್ಟೂ ವಾಲದೆ ರಸ್ತೆಯ ತಿರುವಿನ ಕಡೆ ಹೋಯಿತು.