ಗೌರಕ್ಕನ ಪಾಟೀಸವಾಲು

ಹುಬ್ಬಳ್ಳಿ-ಧಾರವಾಡದಲ್ಲಿ ಕೊಲೆ ಕೇಸಿಗೆ ಸಿಕ್ಕಿಬಿದ್ದವರ ಬಾಯಿಗೆ ಮೊದಲು ಬರುವ ಹೆಸರು ರಮಾಕಾಂತ ಗಲಗಲಿಯವರದು. ಆರೋಪಿಯ ಪರವಾಗಿ ನಿಲ್ಲುವ ವಕೀಲರಲ್ಲಿ ಅವರಷ್ಟು ಹಿರಿಯರು ಇರಲಿಲ್ಲ, ಅವರಷ್ಟು ಮೆತ್ತಗೆ ಮಾತಾಡುವವರಂತೂ ಇರಲೇ ಇಲ್ಲ. ಪಾಟೀಸವಾಲಿಗೆ ನಿಂತರೆ ಉಳಿದವರು ಸಾಕ್ಷಿಯ ಮೇಲೆ ಏರಿ ಹೋಗುತ್ತಿದ್ದರು. ಗಲಗಲಿ ರಾಯರು ಮಾತ್ರ ಮನೆಗೆ ಬಂದ ಬೀಗರನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದರು. ಚಹಾ ಆಯಿತೇ, ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತೇ, ಈಗ ಎಲ್ಲಿ ಇರುತ್ತೀರಿ? ಇಷ್ಟು ಕೇಳದೆ ಮಾತು ಶುರು ಮಾಡಲು ಧಾರವಾಡದ ಮಂದಿಗೆ ಬರುವುದೇ ಇಲ್ಲ. ಅಷ್ಟರಲ್ಲಿ ಸಾಕ್ಷಿಯ ಅಂಜಿಕೆ ಹೋಗಿ ನಾಲಿಗೆ ಸಡಿಲಾಗುತ್ತಿತ್ತು, ಮುಂದಿನದು ರಾಯರಿಗೆ ಸಲೀಸು. ಎಳೆಯ ವಕೀಲರು ಇದನ್ನು ಭಾರೀ ತಂತ್ರವೆಂದು ತಿಳಿದು ಕನ್ನಡಿಯ ಮುಂದೆ ನಿಂತು ಕಲಿಯುತ್ತಿದ್ದರಂತೆ. ಪಾಪ, ಅದರಲ್ಲಿ ಅರ್ಧ ಮಾತ್ರ ತಂತ್ರ, ಇನ್ನರ್ಧ ಹುಟ್ಟುಗುಣ. ಆ ಹುಟ್ಟುಗುಣವೇ ಒಂದು ದಿನ ಕುತ್ತಿಗೆಗೆ ಬಂತು.

ಅಂದು ಕಟಕಟೆಯಲ್ಲಿ ನಿಂತಿದ್ದವಳು ಸುಳ್ಳ ಗ್ರಾಮದ ಗೌರಕ್ಕ. ಹೊಲದ ದಾರಿಯ ಜಗಳದಲ್ಲಿ ಅವಳ ಮಗ ಶಿವಯೋಗೀಶನನ್ನು ಒಂದು ಸಂಜೆ ಕುಡಗೋಲಿನಿಂದ ಕೊಚ್ಚಿ ಕೊಂದಿದ್ದರು. ಆರೋಪಿ ಅದೇ ಊರಿನ ಹತ್ತಿ ವ್ಯಾಪಾರಿ ಗುರುಪಾದ, ರಾಯರ ಕಕ್ಷಿದಾರ. ಅವನಿಗೆ ಜಾಮೀನು ಕೊಡಿಸಿ ಹೊರಗೆ ತಂದವರೂ ರಾಯರೇ. ಕೊಲೆಯನ್ನು ಕಣ್ಣಾರೆ ಕಂಡವರು ಇಬ್ಬರಿದ್ದರು. ಒಬ್ಬ ಪಕ್ಕದ ಹೊಲದ ಉಳವಪ್ಪ. ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಟ್ರ್ಯಾಕ್ಟರ್ ಅಡಿಗೆ ಸಿಕ್ಕು ತೀರಿಹೋದ. ಅಪಘಾತ ಎಂದರು ಪೊಲೀಸರು. ರಾಯರೂ ಹಾಗೆಂದೇ ನಂಬಿದರು, ನಂಬುವುದರಲ್ಲಿ ಅವರಿಗೆ ಅನುಕೂಲವಿತ್ತು. ಉಳಿದವಳು ಗೌರಕ್ಕ ಒಬ್ಬಳೇ. ಪೊಲೀಸರು ಅವಳನ್ನು ಊರು ಬಿಡಿಸಿ ಬೇರೆಲ್ಲೋ ಇಟ್ಟಿದ್ದರು, ಎಲ್ಲಿ ಎಂಬುದನ್ನು ಗುಟ್ಟಾಗಿಟ್ಟಿದ್ದರು. ಇದು ರಾಯರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ರೂಢಿ ಅನ್ನುವುದಕ್ಕೆ ತಲೆ ಎಲ್ಲಿರುತ್ತದೆ?

ಬೆಳಿಗ್ಗೆ ಸರಕಾರಿ ವಕೀಲೆ ಸುಹಾಸಿನಿ ಕೇಳಿದ್ದಕ್ಕೆಲ್ಲ ಗೌರಕ್ಕ ಗಟ್ಟಿಯಾಗಿ ಉತ್ತರಿಸಿ, ಎದುರು ನಿಂತ ಗುರುಪಾದನತ್ತ ಬೆರಳು ಮಾಡಿ ತೋರಿಸಿದ್ದಳು. ಆಮೇಲೆ ರಾಯರು ಎದ್ದರು.

“ಚಾ ಆತೇನ್ರಿ, ಗೌರಕ್ಕ?”

“ಆತ್ರಿ, ಸಾಹೇಬ್ರ.”

“ಈಗ ಎಲ್ಲಿ ಇರ್ತೀರಿ? ಬರ್ಲಿಕ್ಕೆ ಭಾಳ ದೂರ ಆಗ್ಲಿಲ್ಲಲ್ಲ?”

ಕೋರ್ಟಿನಲ್ಲಿ ಯಾರೂ ಅವಳನ್ನು ಇಷ್ಟು ಅಕ್ಕರೆಯಿಂದ ಮಾತಾಡಿಸಿರಲಿಲ್ಲವೇನೋ, ಮುದುಕಿಯ ಮುಖ ಅರಳಿತು. “ಗೋಪನಕೊಪ್ಪದಾಗ ಮಗಳು ಭಾಗ್ಯಶ್ರೀ ಹೊಸದಾಗಿ ಹಿಡದ ಬಾಡಿಗಿ ಮನ್ಯಾಗ ಇರ್ತೇನ್ರಿ. ಹಿಟ್ಟಿನ ಗಿರಣಿ ಹಿಂದಿನ ಓಣಿ. ಅಳಿಯ ಲಾರಿ ತಗೊಂಡು ದೂರ ಹೋಗ್ಯಾನ್ರಿ, ನಾವು ತಾಯಿ ಮಗಳು ಇಬ್ಬರ ಇರತೇವಿ.”

ಸುಹಾಸಿನಿ ಗಡಬಡಿಸಿ ಎದ್ದು ಆಕ್ಷೇಪಿಸಿದರು. ಆಡಿದ ಮಾತನ್ನು ವಾಪಸು ಬಾಯಿಗೆ ಹಾಕಲು ಯಾವ ಜಡ್ಜಿಗೂ ಬರುವುದಿಲ್ಲ. ಅಲ್ಲಿಯವರೆಗೆ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದ ಗುರುಪಾದ ಈಗ ಮುದುಕಿಯನ್ನೇ ನೋಡುತ್ತಿದ್ದ. ರಾಯರು ಅವಸರದಿಂದ ಮಾತು ತಿರುಗಿಸಿದರು. ಫಿರ್ಯಾದು ಕೊಡಲು ಯಾಕೆ ತಡವಾಯಿತು ಎಂದು ನಾಲ್ಕು ಪ್ರಶ್ನೆ ಕೇಳುವಷ್ಟರಲ್ಲಿ ಊಟದ ಹೊತ್ತಾಯಿತು. ಮಧ್ಯಾಹ್ನ ಬೇರೆ ಕೇಸುಗಳಿವೆ, ಉಳಿದ ಪಾಟೀಸವಾಲು ನಾಳೆ ಎಂದು ಜಡ್ಜರು ಎದ್ದುಹೋದರು.

ಪಡಸಾಲೆಯಲ್ಲಿ ಗುರುಪಾದ ಹಲ್ಲು ಕಿರಿಯುತ್ತ ಹತ್ತಿರ ಬಂದ. “ಸಾಹೇಬ್ರ, ನಿಮ್ಮನ್ನ ದೊಡ್ಡ ವಕೀಲರು ಅನ್ನೂದು ಇದಕ್ಕ ನೋಡ್ರಿ. ನಾವು ಎಷ್ಟ ಮಂದಿ ಹಚ್ಚಿ ಹುಡುಕಿಸಿದ್ರೂ ಸಿಕ್ಕಿದ್ದಿಲ್ಲ. ನೀವು ಚಾ ಕೇಳಿದಂಗ ಕೇಳಿ ಹೇಳಿಸಿಬಿಟ್ರಿ!”

“ಏ, ನಾ ಸುಮ್ಮನ ಕೇಳಿದ್ನೋ ಮಾರಾಯಾ!”

“ಹೂಂ ಹೂಂ, ಸುಮ್ಮನ.” ಅವನು ಕಣ್ಣು ಮಿಟುಕಿಸಿದ. “ಒಂದು ಹೇಳ್ರಿ. ಪಾಟೀಸವಾಲು ಅರ್ಧಾ ಉಳದು, ನಾಳಿ ಆಕಿ ಬರಲಿಲ್ಲಂದ್ರ, ಇವತ್ತ ಹೇಳಿದ್ದಕ್ಕ ಏನರ ಕಿಮ್ಮತ್ತ ಐತೇನ್ರಿ?”

“ಭಾಳ ಕಿಮ್ಮತ್ತಿಲ್ಲ” ಎಂದುಬಿಟ್ಟರು ರಾಯರು. ಕಾನೂನು ಕೇಳಿದವರಿಗೆ ಕಾನೂನು ಹೇಳಿ ಹೇಳಿ ಸವೆದ ನಾಲಿಗೆ ಅದು, ಮನುಷ್ಯ ಯೋಚಿಸುವ ಮೊದಲೇ ಉತ್ತರ ಕೊಡುತ್ತಿತ್ತು. ಗುರುಪಾದ ಸಮಾಧಾನದಿಂದ ತಲೆಯಾಡಿಸಿ, ಫೋನು ಕಿವಿಗೆ ಹಚ್ಚಿಕೊಂಡು ಕಂಬದ ಆಚೆ ಹೋದ. “ಹಿಟ್ಟಿನ ಗಿರಣಿ ಹಿಂದಿನ ಓಣಿ” ಅನ್ನುವುದು ಕೇಳಿಸಿತು. “ಅಲ್ಲೇ ಇರ್ರಿ, ಆಕಿ ಬರೂ ಮಟಾ” ಅನ್ನುವುದೂ ಕೇಳಿಸಿತು.

ಉಳವಪ್ಪನ ಟ್ರ್ಯಾಕ್ಟರಿನ ನಿಜ ಏನೆಂದು ರಾಯರಿಗೆ ಈಗ ಯಾರೂ ಹೇಳಬೇಕಾಗಿರಲಿಲ್ಲ. ಇಷ್ಟು ವರ್ಷ ಕೊಲೆಗಾರರ ನಡುವೆಯೇ ಬದುಕಿದವರು ಅವರು, ಆದರೆ ಅವರು ಕಂಡದ್ದೆಲ್ಲ ಆಗಿಹೋದ ಕೊಲೆಗಳು. ಆಗಬೇಕಾದ ಕೊಲೆಯ ಪಕ್ಕ ಹೀಗೆ ನಿಂತದ್ದು ಇದೇ ಮೊದಲು. ಅದೂ ದಾರಿ ತೋರಿಸಿಕೊಟ್ಟವರು ತಾವೇ.

ಸುಹಾಸಿನಿಗೆ ಹೇಳಿಬಿಡೋಣ ಎಂದು ವಕೀಲರ ಕೋಣೆಯ ಬಾಗಿಲಿಗೆ ಹೋದರು. ಆಕೆ ಊಟದ ಡಬ್ಬಿ ಬಿಚ್ಚುತ್ತಿದ್ದರು. ರಾಯರ ಹಿಂದೆಯೇ ಗುರುಪಾದನ ಕಡೆಯವನೊಬ್ಬ ಬಂದು ಚೌಕಟ್ಟಿಗೆ ಒರಗಿ ನಿಂತ. ರಾಯರು “ಊಟ ಆಗ್ಲಿ ಆಗ್ಲಿ” ಎಂದಷ್ಟೇ ಹೇಳಿ ತಿರುಗಿದರು. ಅಂಜಿದರು, ಮತ್ತೇನಿಲ್ಲ. ಗುರುಪಾದ ಮಾಳಮಡ್ಡಿಯ ಅವರ ಮನೆ ಬಲ್ಲವನು, ಅವರ ಹೆಂಡತಿಯ ಕೈಯಿಂದ ಅವಲಕ್ಕಿ ತಿಂದು ಹೋದವನು. ಹೇಳಿದರೂ ಆಗುವುದೇನು? ಒಬ್ಬ ಪೊಲೀಸಪ್ಪ ಎರಡು ದಿನ ಓಣಿಯಲ್ಲಿ ಕೂತು ಬೀಡಿ ಸೇದಿ ಎದ್ದು ಹೋಗುತ್ತಾನೆ. ಕೇಸು ಮುಗಿಯುವವರೆಗೆ, ಗುರುಪಾದನನ್ನು ಜೈಲಿಗೆ ಕಳಿಸುವ ಮಾತು ಆ ಮುದುಕಿಯ ಬಾಯಲ್ಲಿ ಇರುವವರೆಗೆ, ಅವಳಿಗೆ ಉಳಿಗಾಲವಿಲ್ಲ.

ಹಾಗಾದರೆ ಆ ಮಾತು ಅವಳ ಬಾಯಲ್ಲಿ ಇರಬಾರದು. ಈವತ್ತೇ, ಅವಳು ಆ ಓಣಿಗೆ ಮರಳುವ ಮೊದಲೇ ಹೋಗಬೇಕು.

ಅದಕ್ಕೊಂದು ಪ್ರಶ್ನೆ ರಾಯರಿಗೆ ಬಹಳ ಹಿಂದೆಯೇ ಹೊಳೆದಿತ್ತು. ಹೆತ್ತವರಿಗೆ ಕೇಳುವಂಥದ್ದಲ್ಲ ಎಂದು ಅದನ್ನು ಬದಿಗಿಟ್ಟಿದ್ದರು. ಅದನ್ನು ಕೇಳಿದರೆ ಕೊಲೆಗಾರ ಬಿಡುಗಡೆಯಾಗುತ್ತಾನೆ, ಮುದುಕಿ ಉಳಿಯುತ್ತಾಳೆ, ವಕೀಲನ ಹೆಸರೂ ಬೆಳೆಯುತ್ತದೆ. ಈ ಕೊನೆಯದನ್ನು ನೆನೆದು ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಆದರೆ ಹೇಸಿಕೊಂಡು ಕೂಡಲು ಪುರಸೊತ್ತಿರಲಿಲ್ಲ.

ಜಡ್ಜರು ಮರಳಿ ಬಂದು ಕೂತೊಡನೆ ರಾಯರು ಕೈಮುಗಿದರು. ಸಾಕ್ಷಿ ವಯಸ್ಸಾದವಳು, ನಾಳೆ ಮತ್ತೆ ಅಲೆದಾಡಿಸುವುದು ಬೇಡ, ಒಂದೆರಡು ಪ್ರಶ್ನೆಯಲ್ಲಿ ಮುಗಿಸುತ್ತೇನೆ ಎಂದರು. ಹಿರಿಯರ ಮಾತು, ಒಪ್ಪಿಗೆ ಸಿಕ್ಕಿತು. ಹೊರಗೆ ಮಗಳ ಜೊತೆ ಬುತ್ತಿ ಉಂಡು ಇನ್ನೂ ಹೊರಡದೆ ಕೂತಿದ್ದ ಗೌರಕ್ಕ ಮತ್ತೆ ಕಟಕಟೆ ಹತ್ತಿದಳು. ಈ ಸಲ ಯಾರೂ ಚಹಾ ಕೇಳಲಿಲ್ಲ.

“ಕುಡಗೋಲ ಬಿದ್ದಾಗ ಮಗಾ ನಿಮ್ಮನ್ನ ಕರದನೇನ್ರಿ?”

“ಅವ್ವಾ ಅಂದ್ನ್ರಿ.”

“ಆವಾಗ ನೀವು ಯಾರ ಮುಖಾ ನೋಡ್ಲಿಕ್ಕೆ ಹತ್ತಿದ್ರಿ, ಗೌರಕ್ಕ?”

“ನನ್ನ ಮಗಂದ್ರಿ. ಅವ ಅವ್ವಾ ಅಂತ ಒದರೂ ಮುಂದ ನಾ ಬ್ಯಾರೇದವರ ಮುಖಾ ಯಾಕ ನೋಡ್ಲಿರಿ? ಅವನ ಕಣ್ಣ ಮುಚ್ಚೂ ತನಕ ಅವನ್ನ ನೋಡಿದ್ನಿರಿ.”

“ಹಂಗಾದ್ರ ಹೊಡದವನ ಮುಖಾ ನೋಡ್ಲಿಲ್ಲ.”

ಗೌರಕ್ಕ ಬಾಯಿ ತೆರೆದಳು. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು, ಈಗ ಎಲ್ಲಿಂದ ತರಬೇಕು? ಸುಹಾಸಿನಿ ಕುರ್ಚಿಯ ತುದಿಗೆ ಬಂದಿದ್ದರು. ರಾಯರು ಮಾತ್ರ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದರು: ಇಲ್ಲ ಅನ್ನು ತಾಯಿ, ಇಲ್ಲ ಅಂದುಬಿಡು.

“ಇಲ್ರಿ” ಎಂದಳು ಗೌರಕ್ಕ. “ಮುಖಾ ನೋಡಲಿಲ್ರಿ. ಆದ್ರ ಅವನೇ ಹೊಡದದ್ದು ಖರೇ ಐತ್ರಿ.”

ಟೈಪು ಮಾಡುವವನು ಮೊದಲನೆಯದನ್ನು ಬರೆದುಕೊಂಡ. ಎರಡನೆಯದು ಊಹೆ ಎಂದರು ರಾಯರು. ಜಡ್ಜರು ಒಲ್ಲದ ಮನಸ್ಸಿನಿಂದ ಹೌದೆಂದರು. ಸುಹಾಸಿನಿ ಮತ್ತೆ ಎದ್ದು ಎಷ್ಟು ಬಗೆಯಲ್ಲಿ ಕೇಳಿದರೂ ಮುದುಕಿ ಬರೀ ಅಳುತ್ತಿದ್ದಳು.

ಹೊರಗೆ ಬೇವಿನ ಮರದಡಿ ಗುರುಪಾದ ಫೋನಿನಲ್ಲಿದ್ದ. “ಬ್ಯಾಡ ಬ್ಯಾಡ, ವಾಪಸ್ ಬರ್ರಿ. ಕೆಲಸ ಇಲ್ಲೇ ಆತು” ಎನ್ನುತ್ತಿದ್ದ. ಅಂದರೆ ಅವನ ಮಂದಿ ಆಗಲೇ ಆ ಓಣಿಗೆ ಹೋಗಿ ಕಾಯುತ್ತ ಕೂತಿದ್ದರು. ಗುರುಪಾದ ಬಂದು ರಾಯರ ಕಾಲು ಮುಟ್ಟಿದ, ಎದ್ದು ಪಕ್ಕದಲ್ಲೇ ನಿಂತ. ಆ ಹೊತ್ತಿಗೆ ಗೌರಕ್ಕ ಮಗಳ ತೋಳು ಹಿಡಿದು ಮೆಟ್ಟಿಲಿಳಿದು ಬಂದಳು. ರಾಯರನ್ನು ಕಂಡು ನೇರ ಅವರ ಎದುರಿಗೇ ಬಂದಳು.

“ಸಾಹೇಬ್ರ, ನೀವು ತಿಳದಾವ್ರು. ನಾ ಮಗನ ಮುಖಾ ನೋಡಿದ್ದು ತಪ್ಪಾತೇನ್ರಿ?”

ತಪ್ಪಲ್ಲ, ತಾಯಿ. ನಾಲಿಗೆಯ ತುದಿಗೆ ಬಂದದ್ದು ಅದೇ. ಆದರೆ ಗುರುಪಾದ ಮೊಳ ದೂರದಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದ. ಒಂದು ಮೆತ್ತನೆ ಮಾತು ಸಾಕು, ಅವನಿಗೆ ಸಂಶಯ ಬರಲು. ಸಂಶಯ ಬಂದರೆ ಮತ್ತೆ ಆ ಓಣಿ. ರಾಯರು ಇಡೀ ಜನ್ಮದಲ್ಲಿ ಏರಿಸದ ದನಿ ಏರಿಸಿದರು.

“ನಿಮಗ ಏನೂ ಕಂಡಿಲ್ಲ. ಕಾಣದ್ದು ಹೇಳ್ಲಿಕ್ಕೆ ಯಾಕ ಬರ್ತೀರಿ? ಮನೀಗೆ ಹೋಗ್ರಿ. ಇನ್ನ ಈ ಕಡೆ ಹಾಯಬ್ಯಾಡ್ರಿ, ಯಾರ ಮುಂದೂ ಈ ಮಾತು ಆಡಬ್ಯಾಡ್ರಿ!”

ಗುರುಪಾದ ಖುಷಿಯಿಂದ ನಕ್ಕ. ಗೌರಕ್ಕ ಬೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ದೊಡ್ಡವರು ಸಿಟ್ಟಾದರೆ ಹೇಗೆ ಬೀಳ್ಕೊಳ್ಳಬೇಕೋ ಹಾಗೆ ಎರಡೂ ಕೈ ಎತ್ತಿ ಮುಗಿಯಲು ಹೋದಳು. ಭಾಗ್ಯಶ್ರೀ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

“ಇಂಥಾವ್ರಿಗೆ ಕೈ ಮುಗೀಬ್ಯಾಡ ಬಾ, ಯವ್ವಾ” ಎಂದು ತಾಯಿಯನ್ನು ಆಟೋ ಹತ್ತಿಸಿದಳು. ಆಟೋ ಗೇಟು ದಾಟಿ ತಿರುಗುವವರೆಗೂ ರಾಯರು ಅದರ ಕಡೆ ನೋಡಲಿಲ್ಲ. ಗುರುಪಾದನ ಕೈಯನ್ನು, ಆ ಕೈ ಮತ್ತೆ ಫೋನಿಗೆ ಹೋಗುತ್ತದೋ ಏನೋ ಎಂದು, ನೋಡುತ್ತ ನಿಂತಿದ್ದರು.