ನಶ್ಯದ ಮೂಗು

ಮೂರನೇ ಕ್ಲಾಸಿನ ಶೋಭಿತಾ ಬುಧವಾರ ಮಾತ್ರ ಶಾಲೆಗೆ ಬರುತ್ತಿರಲಿಲ್ಲ. ಶಾಂತಿಗ್ರಾಮದಲ್ಲಿ ಅವಳ ಟೀಚರಾಗಿದ್ದ ನನಗೆ ಇದು ಹೊಳೆಯಲು ಮೂರು ತಿಂಗಳು ಬೇಕಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಓಡಿದರೆ ಕೆಮ್ಮು, ಸೀಮೆಸುಣ್ಣದ ಪುಡಿ ಹಾರಿದರೆ ಕೆಮ್ಮು, ಎದೆಯೊಳಗೆ ಕುಯ್ ಎಂಬ ಸದ್ದು. ಎಲ್ಲವನ್ನೂ ನೆಗಡಿ ಎಂದುಕೊಂಡಿದ್ದೆ.

ಒಂದು ಮಂಗಳವಾರ ಸಂಜೆ ಅವರ ಮನೆಗೆ ಹೋದೆ. ಕಿಟಕಿ ಮುಚ್ಚಿತ್ತು. ಅಜ್ಜಿ ಮುದ್ದಮ್ಮ ಮಗುವಿಗೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬಾಣಲೆಯ ಕೆಂಡಕ್ಕೆ ಹಾಕುತ್ತಿದ್ದಳು. ನನಗೆ ಬಾಗಿಲಲ್ಲೇ ಉಸಿರು ಕಟ್ಟಿತು.

"ಪ್ರತಿ ಮಂಗ್ಳಾರ ತೆಗುದ್ರೂವೆ ಘಾಟೇ ಇಲ್ಲ ನೋಡಿ ಮೇಡಮ್ಮೋರೆ! ಎಷ್ಟ್ ದಿಷ್ಟಿ ಆಗದೆ ಮಗೀಗೆ!" ಎಂದು ಇನ್ನೊಂದು ಹಿಡಿ ಹಾಕಿದಳು. ನಲವತ್ತು ವರ್ಷ ನಶ್ಯ ಏರಿಸಿದ ಮೂಗದು, ಘಾಟು ಎಲ್ಲಿಂದ ತಿಳಿಯಬೇಕು? ಕಣ್ಣಲ್ಲಿ ಇಳಿಯುತ್ತಿದ್ದ ನೀರನ್ನು ಮೊಮ್ಮಗಳ ಮೇಲಿನ ಮರುಕ ಎಂದುಕೊಂಡಿದ್ದಳೋ ಏನೋ!

ಶೋಭಿತಾ ಮೊಣಕಾಲ ಮೇಲೆ ಕೈಯೂರಿ ಬಗ್ಗಿದ್ದಳು. ಉಸಿರೆಳೆದಾಗಲೆಲ್ಲ ಗಂಟಲ ಕೆಳಗೆ ಗುಳಿ ಬೀಳುತ್ತಿತ್ತು. "ಮಿಸ್" ಎಂಬ ಒಂದು ಮಾತೂ ಎರಡು ತುಂಡಾಗಿ ಬಂತು.

"ಇದು ಉಬ್ಬಸ, ಮುದ್ದಮ್ಮ. ಹೊಗೆಯಿಂದಲೇ ಕೆರಳುತ್ತಿದೆ."

"ಗೂರ್ಲು ಮುದುಕ್ರಿಗೆ ಬರೋದು ಕಣವ್ವ! ಡಾಕ್ಟ್ರು ಕೊಟ್ಟಿದ್ ಉಸ್ರೆಳೆಯೋ ಪಂಪ ನಾನೇ ಎತ್ತಿಟ್ಟಿವ್ನಿ. ಅದ ಎಳೆಯೋದ್ ಊರೋರ್ ಕಂಡ್ರೆ ನಾಳೀಕೆ ಇವಳ ಯಾರ್ ಮದ್ವೆ ಆಯ್ತಾರೆ?"

ಸೊಸೆ, ಶೋಭಿತಾಳ ಅಮ್ಮ ಪ್ರೇಮಕುಮಾರಿ ಸೆರಗಿನಲ್ಲಿ ಬಾಣಲೆ ಹಿಡಿದು ಅಂಗಳದಾಚೆ ಎಸೆದು ಬಂದಳು.

"ಮಗೀನ ಜೀವ ಉಳುದ್ರೆ ತಾನೆ ಮದ್ವೆ? ಇನ್ ಈ ಮನೇಲಿ ಹೊಗೆ ಹಾಕಂಗಿಲ್ಲ. ಪಂಪ್ ಕೊಡಿ ಅತ್ತೆ!"

ಮುದ್ದಮ್ಮ ಎಲೆಯಡಿಕೆ ಚೀಲದಿಂದ ಪಂಪು ತೆಗೆದಳು. ಮಗುವನ್ನು ಜಗಲಿಯಲ್ಲಿ ನೆಟ್ಟಗೆ ಕೂರಿಸಿ ಎಳೆಸಿದೆವು, ನಾಲ್ವರೂ ಆಟೋ ಹತ್ತಿದೆವು. ಹಾಸನದ ಆಸ್ಪತ್ರೆಯಲ್ಲಿ ಒಂದು ಗಂಟೆ ಕಳೆದ ಮೇಲೆ ಶೋಭಿತಾ "ಹೊಟ್ಟೆ ಹಸೀತದೆ" ಅಂದಳು. ಪ್ರೇಮಕುಮಾರಿ ಗೋಡೆಗೊರಗಿ ಅತ್ತುಬಿಟ್ಟಳು. ನನಗೂ ಅಳು ತಡೆಯಲಿಲ್ಲ.

"ಹೊಗೆ, ಧೂಳು, ಥಂಡಿ ಗಾಳಿ ಇದನ್ನು ಕೆರಳಿಸುತ್ತವೆ. ರಾತ್ರಿ ಕೆಮ್ಮು ಹೆಚ್ಚಾದರೆ ಕರೆತನ್ನಿ. ಮಾತು ತುಂಡಾದರೆ ಒಂದು ನಿಮಿಷವೂ ಕಾಯಬೇಡಿ," ಎಂದರು ಡಾಕ್ಟರು.

ಮುದ್ದಮ್ಮ ಮೊಮ್ಮಗಳ ಪಾದ ಹಿಡಿದುಕೊಂಡೇ ಕೇಳಿದಳು. "ನನ್ ಮೂಗ್ ಸತ್ತೋಗದೆ ಅಂತ ನಂಗೇ ಗೊತ್ತಾಗ್ನಿಲ್ವಲ್ಲ ಸಾ," ಅಂದಳು.

ಮುಂದಿನ ಬುಧವಾರ ಹಾಜರಿ ಕೂಗುವಾಗ ಪುಸ್ತಕದಿಂದ ತಲೆಯೆತ್ತಿ ಅವಳ ಹೆಸರು ಕರೆದೆ.

"ಶೋಭಿತಾ?"

"ಬಂದಿವ್ನಿ ಮಿಸ್, ನಮ್ಮಜ್ಜಿ ಮೆಣ್ಸಿನ್ಕಾಯ ಸಾರಿಗೇ ಹಾಕುದ್ಲು ಮಿಸ್, ಪಂಪು ಬ್ಯಾಗಲ್ಲದೆ ಮಿಸ್!"

ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.